ಸಾಮಾನೋ ಸಾಧನವೋ

ಇವತ್ತು ಬೆಳಿಗ್ಗೆ ನಮ್ಮ ಓಣಿಗೆ ಭಂಗಾರದ ಗಾಡಿ ಬಂತು. ದೂರದ ಊರಿನಲ್ಲಿ ಕುಳಿತು ಓದುವವರು ಗಾಬರಿಯಾಗಬೇಡಿ, ಬಂಗಾರವಲ್ಲ, ಭಂಗಾರ. ಜತ್ತ ತಾಲೂಕಿನ ನಾವು ಮರಾಠಿಯಿಂದ ತಂದುಕೊಂಡ ಮಾತು. ತುಕ್ಕು ಹಿಡಿದ ಕಬ್ಬಿಣ, ತಿರುಗದ ಫ್ಯಾನು, ತಳ ಹೋದ ಕೊಡ, ಮಾತಾಡದ ರೇಡಿಯೋ, ಎಲ್ಲ ಸೇರಿ ಭಂಗಾರ. ಒಂದು ಉಸಿರು ಹೆಚ್ಚಾದರೆ ನಮ್ಮ ಕಡೆ ಚಿನ್ನವೂ ಕಸವಾಗುತ್ತದೆ.

ಗಾಡಿಯ ನೆತ್ತಿಯ ಮೇಲೆ ಒಂದು ಚಿಕ್ಕ ಭೋಂಗಾ ಕಟ್ಟಿದ್ದರು. ಅದರೊಳಗಿಂದ ಗಂಡಸಿನ ದಪ್ಪ ದನಿಯೊಂದು ಓಣಿಯ ಎರಡೂ ಗೋಡೆಗಳಿಗೆ ಬಡಿಯುತ್ತಿತ್ತು. "ಹಳೇ ಟೇಪ್, ಹಳೇ ಟೀವಿ, ಕೆಟ್ಟ ಮೋಟರ್... ಡಬ್ಬಿ, ತಗಡ, ಬಾಟ್ಲಿ... ತರ್ರೆವ್ವಾ ತರ್ರಿ, ಲಗೂನ ತರ್ರಿ!" ಗಾಡಿ ನಡೆಸುವ ತರುಣ ಮಾತ್ರ ಬಾಯಿ ಬಿಗಿದು ಕುಳಿತಿದ್ದ. ತನ್ನದೇ ದನಿಯನ್ನು ಪೆಟ್ಟಿಗೆಗೆ ಹಾಕಿ ತಾನು ಮೌನವಾಗಿ ತಿರುಗುವುದು ಎಂಥ ಸುಖದ ಕೆಲಸ ಎಂದುಕೊಂಡು ಬಾಗಿಲಿಗೆ ಬಂದೆ.

"ಏನರ ಐತೇನ್ರಿ ಅಮ್ಮಾ?"

"ಟೇಪ್ ಐತಿ." ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಜಾರಿತು.

"ನಡೀತೈತ್ರಿ?"

"ನಡೀತೈತಿ."

"ನಡದ್ರೂ ಅಷ್ಟ, ನಿಂತ್ರೂ ಅಷ್ಟ ಬಿಡ್ರಿ. ಈಗ ಅದನ್ನ ಯಾರ ಕೇಳ್ತಾರ? ಬೆಳುಂಕಿ ಮಟ ಹೋಗಿ ಸಂಜಿ ಮುಂದ ಇದ ಹಾದಿಲೆ ಬರ್ತೀನಿ, ತಗದ ಇಟ್ಟಿರ್ರಿ."

"ನೋಡ್ತೀನಪ್ಪ" ಎಂದೆ.

ಹಾಗಾಗಿ ಈಗ ಟೇಪ್ ರೆಕಾರ್ಡರು ನನ್ನ ಮುಂದಿದೆ. ಕಪ್ಪು ಬಣ್ಣದ್ದು, ಹಿಡಿಕೆಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದ್ದಾರೆ. ಕ್ಯಾಸೆಟ್ ಹಾಕುವ ಮುಚ್ಚಳ ತೆರೆದರೆ ಒಂದು ವಾಸನೆ ಬರುತ್ತದೆ. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನದು, ಹಳೆಯ ಸೆಲ್ಲಿನದು, ಅದರ ಕೆಳಗೆ ತೆಳ್ಳಗೆ ಖಡುವಿನ ಪುಡಿಯದು. ಖಡು ಎಂದರೆ ಸಾಲೆಯ ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣ. ಮಾಸ್ತರರ ಬೆರಳಿಗೆ, ಅಂಗಿಯ ಜೇಬಿಗೆ, ಅವರು ಮುರಿದುಕೊಡುವ ರೊಟ್ಟಿಗೂ ಇದೇ ವಾಸನೆ ಇರುತ್ತಿತ್ತು.

ಈ ಟೇಪಿನ ಮೇಲೆ ನನಗೆ ಸಿಟ್ಟಿದೆ. ಮಾಸ್ತರರು ಹೋದ ಮೇಲೆ, ಇರುವ ಕ್ಯಾಸೆಟ್ಟುಗಳನ್ನೆಲ್ಲ ಒಂದೊಂದಾಗಿ ಹಾಕಿ ಅವರ ದನಿ ಹುಡುಕಿದೆ. ಊರಿನವರದೆಲ್ಲ ಇದೆ. ಎಮ್ಮೆಯದೂ ಇದೆ. ಅವರದಿಲ್ಲ, ಒಂದು ಮಾತೂ ಇಲ್ಲ. ಮಗಳ ಮದುವೆಯ ವಿಡಿಯೋದಲ್ಲಿ ಬ್ಯಾಂಡಿನ ಸದ್ದಿನ ಕೆಳಗೆ ಅವರ ತುಟಿಗಳಷ್ಟೇ ಅಲುಗುತ್ತವೆ. ಮುಖ ನನಗೆ ಕಣ್ಣು ಮುಚ್ಚಿದರೂ ಕಾಣುತ್ತದೆ, ದನಿ ಮಾತ್ರ ದಿನದಿನಕ್ಕೆ ದೂರ ಹೋಗುತ್ತಿದೆ. ಊರಿನ ಕೆಮ್ಮನ್ನೆಲ್ಲ ಜೋಪಾನ ಮಾಡಿ ಅವರೊಬ್ಬರನ್ನು ಬಿಟ್ಟ ಈ ಪೆಟ್ಟಿಗೆಯನ್ನು ಇಟ್ಟುಕೊಂಡು ಏನು ಮಾಡಲಿ? ಸಂಜೆಯೊಳಗೆ ತೀರ್ಮಾನಿಸಬೇಕು. ನೀವೂ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಒಬ್ಬಳೇ ಯೋಚಿಸಿದರೆ ಸಿಟ್ಟೇ ಗೆಲ್ಲುತ್ತದೆ.

ಮಾಸ್ತರರು ಎಂದರೆ ನನ್ನ ಗಂಡ. ಹೆಸರು ಹೇಳುವ ರೂಢಿ ನನಗಿಲ್ಲ. ಊರೆಲ್ಲ ಮಾಸ್ತರ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಕರಜಗಿಯಿಂದ ಈಚೆಗಿನ ಈ ಚಿಕ್ಕ ಊರಿನ ಕನ್ನಡ ಸಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ಸರಕಾರ ಮರಾಠಿಯದು, ಬಸ್ಸಿನ ಬೋರ್ಡು ಮರಾಠಿಯದು, ಸಂತೆಯ ಲೆಕ್ಕ ಮರಾಠಿಯದು, ಜಗಳ ಮಾತ್ರ ಅಚ್ಚ ಕನ್ನಡದ್ದು, ಅಂಥ ಊರು. ಅವರದು ಪಿಂಜಾರರ ಮನೆತನ. ತಂದೆ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಊರೂರು ತಿರುಗಿ ಗಾದಿ ಹೊಲಿದವರು.

ನಾನು ಡಫಳಾಪುರದವಳು. ಮನೆಯಲ್ಲಿ ಆಡುವುದು ಕನ್ನಡ, ಬಳಗದ ಹೆಂಗಸರು, ಬೂಬುಗಳು, ಬಂದರೆ ದಖನಿ, ಏಳನೇ ಇಯತ್ತೆಯವರೆಗೆ ಓದಿದ್ದು ಮರಾಠಿ. ಮರಾಠಿಯಲ್ಲಿ ಹತ್ತಿ ಎಂದರೆ ಆನೆ. ಇವರ ಮನೆಗೆ ನನ್ನನ್ನು ಕೊಡುವ ಮಾತು ನಡೆದಾಗ "ಅವರು ಹತ್ತಿ ಬಡಿಯುವವರು" ಎಂದು ಯಾರೋ ಅಂದದ್ದನ್ನು ನನ್ನ ಮರಾಠಿ ಗೆಳತಿ ಕೇಳಿಸಿಕೊಂಡು, ಆನೆಯನ್ನು ಬಡಿಯುವ ಮನೆಗೆ ಹೋಗಿ ಹೇಗೆ ಬಾಳುತ್ತೀಯೇ ಎಂದು ನಿಜವಾಗಿಯೇ ಕಣ್ಣು ತುಂಬಿಕೊಂಡಿದ್ದಳು. ಮದುವೆಯ ಮರುವಾರ ಇದನ್ನು ಮಾಸ್ತರರಿಗೆ ಹೇಳಿದೆ. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಮಾತು ಕಡಿಮೆ, ನಗುವುದಾದರೂ ಭುಜದಿಂದ ನಗುವ ಮನುಷ್ಯ.

ನನಗೆ ಕನ್ನಡ ಬರೆಯಲು ಕಲಿಸಿದವರು ಅವರೇ. ಮೊದಮೊದಲು ನಾನು ಕನ್ನಡ ಅಕ್ಷರಗಳ ಮೇಲೆ ಉದ್ದಕ್ಕೆ ಗೆರೆ ಎಳೆದುಬಿಡುತ್ತಿದ್ದೆ, ಮರಾಠಿಯ ಹಾಗೆ. "ಬಟ್ಟಿ ಒಣಗ ಹಾಕೀದಂಗ ಕಾಣತೈತಿ" ಎನ್ನುತ್ತಿದ್ದರು. ಈಗಲೂ ಈ ಹಾಳೆಯಲ್ಲಿ ಅಲ್ಲಲ್ಲಿ ಹಗ್ಗ ಕಟ್ಟಿದ ಹಾಗೆ ಕಂಡರೆ ಅದು ಅವರ ತಪ್ಪಲ್ಲ.

ಸಾಲೆಯ ಕಂಪೌಂಡಿಗೆ ನಮ್ಮ ಮನೆಯ ಹಿತ್ತಿಲು ಅಂಟಿಕೊಂಡಿತ್ತು. ಅವರ ಪಾಠದ ಅರ್ಧ ನನಗೆ ಪಾತ್ರೆ ತೊಳೆಯುವಾಗಲೇ ಕೇಳುತ್ತಿತ್ತು. ಐದನೇ ಇಯತ್ತೆಯ ಇತಿಹಾಸದ ಮೊದಲ ಪಾಠ 'ಇತಿಹಾಸದ ಸಾಧನಗಳು'. ನೋಡಿ, ಮರಾಠಿಯಲ್ಲಿ ಸಾಧನ ಎಂದರೆ ಆಧಾರವೂ ಆಗುತ್ತದೆ. ಹಿಂದಿನ ಕಾಲವನ್ನು ತಿಳಿಯಲು ಉಳಿದ ಕಲ್ಲು, ತಾಮ್ರಪಟ, ಕಾಗದ, ಮುದುಕರ ಮಾತು. ಆ ಮಾತು ಮರಾಠಿಯಿಂದ ಕನ್ನಡಕ್ಕೆ ನಡೆದು ಬರುವಾಗ ಅದೇ ಅಂಗಿಯಲ್ಲಿ ಬಂದಿತ್ತು. ನಮ್ಮ ಊರಿನ ಮಕ್ಕಳಿಗೆ ಸಾಧನ ಎಂದರೆ ಗೊತ್ತಿದ್ದುದು ಒಂದೇ, ಕೆಲಸ ಮಾಡುವ ಹತ್ಯಾರು.

ತೊಂಬತ್ತರ ದಶಕದ ಮಧ್ಯದ ಒಂದು ಜೂನ್ ತಿಂಗಳು. ಮಾಸ್ತರರು ಪಾಠ ಮುಗಿಸಿ, "ನಾಳಿ ಎಲ್ಲಾರೂ ನಿಮ್ಮ ನಿಮ್ಮ ಮನ್ಯಾಗಿಂದ ಒಂದೊಂದ ಸಾಧನ ತರ್ರಿ, ಭಾಳ ಹಳೇದ ಇರಬೇಕು" ಎಂದರು. ಮರುದಿನ ಬೆಳಿಗ್ಗೆ ನಾನು ಹಿತ್ತಿಲಲ್ಲಿ ನಿಂತು ನೋಡುತ್ತೇನೆ, ಮಕ್ಕಳು ದಂಡಿಗೆ ಹೊರಟ ಹಾಗೆ ಬರುತ್ತಿದ್ದಾರೆ. ಒಬ್ಬನ ಹೆಗಲ ಮೇಲೆ ಹಾರೆ. ಒಬ್ಬಳ ಕೈಯಲ್ಲಿ ಕತ್ತರಿ. ಪಂಪಿನ ಪಾನಾ, ಬಡಿಗನ ಉಳಿ, ಕ್ಷೌರದ ಕತ್ತಿ, ಒಡೆದ ತಕ್ಕಡಿಯ ದಾಂಡು. ಒಂದು ಪುಟ್ಟ ಹುಡುಗಿ ಒಲೆ ಊದುವ ಕೊಳವೆ ತಂದಿದ್ದಳು, ಮೂತಿಯೆಲ್ಲ ಮಸಿ. ಮಾಸ್ತರರು ಬಾಗಿಲಲ್ಲಿ ನಿಂತು ಮೊದಲು ಹಾರೆಯನ್ನು ನೋಡಿದರು, ಆಮೇಲೆ ಕ್ಷೌರದ ಕತ್ತಿಯನ್ನು ನೋಡಿದರು, ಆಮೇಲೆ ಕಂಪೌಂಡಿನ ಈಚೆ ನಿಂತ ನನ್ನನ್ನು ನೋಡಿದರು. ಭುಜಗಳು ಅಲುಗುತ್ತಿದ್ದವು. ನಾನು ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದೆ.

ಅಷ್ಟರಲ್ಲಿ ಮಲ್ಲಪ್ಪ ಬಂದ. ಕೆಳಗಿನ ಓಣಿಯ ಒಕ್ಕಲಿಗ. ಅವನ ಮಗ ಕಸ ತೆಗೆಯುವ ಕುರಪಿಯನ್ನು ಪಾಟೀಚೀಲದಲ್ಲಿ ಹಾಕಿಕೊಂಡು ಬಂದುಬಿಟ್ಟಿದ್ದ.

"ಏನ್ರಿ ಮಾಸ್ತರ! ಹೊಲದಾಗ ಆಳ ಕುಂತಾವ, ಕುರಪಿ ಸಾಲ್ಯಾಗ ಕುಂತೈತಿ. ನಾ ಏನ ಪಾಟಿಪುಸ್ತಕ ಒಯ್ದು ಕಸಾ ತಗೀಲೇನು?"

"ಬರ್ರಿ ಮಲ್ಲಪ್ಪ, ಕುಂದ್ರಿ. ಎರಡ ಮಾತ ಕೇಳ್ತೀನಿ, ಆಮ್ಯಾಲ ಒಯ್ಯೀರಂತ."

"ಕುರಪಿಗಿ ಕೇಳೂದೇನ ಐತ್ರಿ? ಅದರ ನಿಮಗ ಏನ ಹೇಳೀತು?"

"ಇದರ ಹಿಡಕಿ ಈ ಬಾಜೂನ ಯಾಕ ಸವದೈತಿ?"

ಮಲ್ಲಪ್ಪ ಕುರಪಿ ಈಸಿಕೊಂಡು ತಿರುಗಿಸಿ ನೋಡಿದ. ಬಲಗೈಯಲ್ಲಿ ಹಿಡಿದ. ಎಡಗೈಯಲ್ಲಿ ಹಿಡಿದ. ಹೆಬ್ಬೆರಳು ಸವೆದ ಗುಳಿಯಲ್ಲಿ ಹೋಗಿ ಕುಳಿತಿತು.

"ಹೌದಲ್ರಿ... ನನ್ನ ಕೈಗಿ ಯಾವಾಗಲೂ ಒತ್ತತಿತ್ತ ಇದು." ಹಿಡಿಕೆಯ ಮಣ್ಣನ್ನು ಅಂಗಿಯಿಂದ ಒರೆಸಿದ. "ನಮ್ಮವ್ವಂದ್ರಿ ಇದು. ಅಕಿ ಎಡಚಿ ಇದ್ಲು."

"ಆಯಿ ಎಡಚಿ ಇದ್ಲಾ?" ಎಂದ ಮಗ. ಅವನು ಅಜ್ಜಿಯನ್ನು ಕಂಡವನೇ ಅಲ್ಲ. ಅವನೂ ಎಡಗೈಯಲ್ಲೇ ಬರೆಯುತ್ತಿದ್ದ, ಅದಕ್ಕಾಗಿ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ. ಕುರಪಿಯನ್ನು ಅಪ್ಪನ ಕೈಯಿಂದ ತೆಗೆದುಕೊಂಡು ತನ್ನ ಹೆಬ್ಬೆರಳನ್ನು ಆ ಗುಳಿಯಲ್ಲಿ ಇಟ್ಟು ನೋಡಿದ. ಇಡೀ ವರ್ಗ ಎದ್ದು ಬಂದು ಬಗ್ಗಿತು. ಹೊಲದಲ್ಲಿ ಆಳು ಕಾಯುತ್ತಿರುವುದನ್ನು ಮರೆತು ಮಲ್ಲಪ್ಪ ಅವ್ವನ ಬಗ್ಗೆ ಹೇಳುತ್ತ ಕುಳಿತ. ಸಾಲಿನಲ್ಲಿ ಎಲ್ಲರೂ ಒಂದು ಕಡೆ ವಾಲಿದರೆ ಅವಳೊಬ್ಬಳು ಇನ್ನೊಂದು ಕಡೆ ವಾಲುತ್ತಿದ್ದಳಂತೆ. ದೂರದಿಂದಲೇ ಅವ್ವ ಯಾರೆಂದು ಗೊತ್ತಾಗುತ್ತಿತ್ತಂತೆ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾಸ್ತರರು ಅಂದರು: "ಹುಡುಗ್ರು ತಪ್ಪ ತಿಳ್ಕೊಂಡ್ರು ಅಂತ ನಗಬ್ಯಾಡ. ನಾ ಕಲ್ಲಿನ ಚಿತ್ರ ತೋರಿಸಿದ್ರ ಅವರು ಉದ್ದಾಕ ಬಾಯಿ ತಗೀತಿದ್ರು. ಕೇಳಿದ್ರ ಹೇಳತೈತಿ ಅಂದ್ರ ಅದು ಸಾಧನ. ಎಷ್ಟ ಕೇಳಿದ್ರೂ ಸುಮ್ಮನ ಇದ್ರ ಸಾಮಾನ."

"ಹಂಗಾದ್ರ ನೀವು ಸಾಮಾನ" ಎಂದೆ ನಾನು.

ರೊಟ್ಟಿ ಗಂಟಲಿಗೆ ಸಿಕ್ಕು ನೀರು ಕುಡಿದರು.

ಅಂದಿನಿಂದ ನಮ್ಮ ಮನೆಯಲ್ಲಿ ಇದೊಂದು ಆಟವಾಯಿತು. ಏನನ್ನು ಎಸೆಯಲು ಹೋದರೂ "ಸಾಮಾನೋ ಸಾಧನವೋ?" ಎಂಬ ಪ್ರಶ್ನೆ. ಸೋರುವ ಸ್ಟೋವಿಗೂ ಅವರು ಏನಾದರೂ ಕೇಳುತ್ತಿದ್ದರು, ಅದೂ ಏನಾದರೂ ಹೇಳಿಬಿಡುತ್ತಿತ್ತು. ಹೀಗಾಗಿ ನಮ್ಮ ಮನೆಯಿಂದ ಒಂದು ಮೊಳೆಯೂ ಹೊರಗೆ ಹೋಗಲಿಲ್ಲ. ನೆರೆಮನೆಯ ಗಂಗವ್ವ ಹಣಕಿ ನೋಡಿ, "ತಂಗಿ, ನಿನ್ನ ಗಂಡ ಇತಿಹಾಸ ಕಲಸ್ತಾನೋ ಭಂಗಾರದ ದುಕಾನ ಇಡಾಂವ ಅದಾನೋ?" ಎಂದು ಕೇಳುತ್ತಿದ್ದಳು.

ನನ್ನ ಕನ್ನಡಿಯೂ ಹೀಗೇ ಸಾಲೆಗೆ ಹೋಯಿತು. ಹಳೆಯ ಬಾವಿಯ ಹತ್ತಿರ ಸವೆದುಹೋದ ಒಂದು ಕಲ್ಲಿತ್ತು, ದನ ಮೈ ಉಜ್ಜಿ ಉಜ್ಜಿ ನುಣ್ಣಗಾದದ್ದು. ಮಾಸ್ತರರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಕನ್ನಡಿ ಹಿಡಿದು ಬಿಸಿಲನ್ನು ಕಲ್ಲಿನ ಮೇಲೆ ಹಾಯಿಸಿದರು. "ಎದುರಿಗೆ ಹಿಡಿದ್ರ ಕಾಣಂಗಿಲ್ಲೋ, ವಾರಿ ಹಿಡಿ, ವಾರಿ" ಎಂದು ಹೇಳುತ್ತಿದ್ದುದು ಹಿತ್ತಿಲಿನವರೆಗೆ ಕೇಳಿಸಿತು. ಪಕ್ಕದಿಂದ ಬೆಳಕು ಬಿದ್ದದ್ದೇ ತಡ, ಕಲ್ಲಿನೊಳಗಿಂದ ಗೆರೆಗಳು ಎದ್ದವಂತೆ. "ನಮ್ಮ ಅಕ್ಷರ ರೀ! ಇದು ನಮ್ಮ ಅಕ್ಷರ ರೀ!" ಎಂದು ಮಕ್ಕಳು ಕುಣಿದ ಸದ್ದನ್ನು ನಾನು ಕೇಳಿದ್ದೇನೆ. ಬರೆದದ್ದು ಏನೆಂದು ಮಾತ್ರ ಮಾಸ್ತರರಿಗೂ ತಿಳಿಯಲಿಲ್ಲ. ಹಲಗೆಯ ಮೇಲೆ ದೊಡ್ಡದಾಗಿ 'ಗೊತ್ತಿಲ್ಲ' ಎಂದು ಬರೆದು ಅದರ ಕೆಳಗೆ ಗೆರೆ ಎಳೆದರಂತೆ. ಕನ್ನಡಿ ಮೂಲೆ ಒಡೆದುಕೊಂಡು ಮನೆಗೆ ಬಂತು. ಇವತ್ತಿಗೂ ಅದರಲ್ಲೇ ತಲೆ ಬಾಚಿಕೊಳ್ಳುತ್ತೇನೆ.

ಇನ್ನು ಈ ಟೇಪು. ಮಿರಜಿಗೆ ಹೋಗಿದ್ದವರು ಒಂದು ಸಂಜೆ ಇದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಹಾಡು ಕೇಳಬಹುದೆಂದು ನಾನು ಎಷ್ಟು ಸಂಭ್ರಮಪಟ್ಟೆ ಎಂದರೆ, ಅವತ್ತು ಅನ್ನಕ್ಕೆ ಒಗ್ಗರಣೆ ಎರಡು ಸಲ ಹಾಕಿದೆ. ಹಾಡಿನ ಕ್ಯಾಸೆಟ್ಟು ಮನೆಗೆ ಬರಲೇ ಇಲ್ಲ. ಬಂದವೆಲ್ಲ ಖಾಲಿ. ಅವುಗಳಲ್ಲಿ ಅವರು ಊರಿನ ಮುದುಕರನ್ನು ತುಂಬಿದರು. ಅದು ಮೌಖಿಕ ಸಾಧನವಂತೆ, ಬಾಯಿಮಾತಿನ ಆಧಾರ. ಕರೆಂಟು ನಂಬುವ ಹಾಗಿರಲಿಲ್ಲ, ಸೆಲ್ಲುಗಳ ಮೇಲೇ ನಡೆಯಬೇಕು. ದಣಿದ ಸೆಲ್ಲುಗಳನ್ನು ನಾನು ಹಪ್ಪಳದ ಪಕ್ಕದಲ್ಲಿ ಮಾಳಿಗೆಯ ಮೇಲೆ ಒಣಗಿಸುತ್ತಿದ್ದೆ. ಬಿಸಿಲು ಕುಡಿದು ಇನ್ನೊಂದು ಪಾಠಕ್ಕಾಗುವಷ್ಟು ಜೀವ ಬರುತ್ತಿತ್ತು. ಕಾಗೆ ಹಪ್ಪಳವನ್ನು ಬಿಟ್ಟು ಸೆಲ್ಲನ್ನು ಒಯ್ದದ್ದೂ ಉಂಟು.

ವರ್ಗದಲ್ಲಿ ಒಬ್ಬ ಮುದುಕಿಯನ್ನೋ ಮುದುಕನನ್ನೋ ಕೂರಿಸುವುದು, ಮಕ್ಕಳು ಪ್ರಶ್ನೆ ಕೇಳುವುದು, ಮಾಸ್ತರರು ಗುಂಡಿ ಒತ್ತಿ ಸುಮ್ಮನೆ ಕೂರುವುದು. ತಾವು ಮಾತ್ರ ಬಾಯಿ ತೆರೆಯುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಮಾಸ್ತರ ಕೇಳಿದ್ರ ಎಲ್ಲಾರೂ ಪರೀಕ್ಷಾ ಕೊಡ್ತಾರ. ನನಗ ಬೇಕಾದ್ದ ಹೇಳ್ತಾರ, ತಮಗ ಗೊತ್ತಿದ್ದದ್ದ ಹೇಳಂಗಿಲ್ಲ" ಎನ್ನುತ್ತಿದ್ದರು. ಹೇಳುವವರು ನಡುವೆ ನಿಂತುಬಿಟ್ಟರೆ ಅವರ ಬಲಗೈ ಮೇಲೇಳುತ್ತಿತ್ತು. ಅಂಗೈ ಮೇಲಾಗಿ, ಬೆರಳುಗಳು ಮೆಲ್ಲಗೆ ತಿರುಗಿ, ಹಿಂಜಿದ ಹತ್ತಿಯಿಂದ ಎಳೆಯೊಂದನ್ನು ಎಳೆಯುವ ಹಾಗೆ. ಆಮೇಲೆ, ಆಮೇಲೆ ಎಂದು ಅದರ ಅರ್ಥ. ಅದನ್ನು ಕಂಡವರಿಗೆ ಮಾತು ಮತ್ತೆ ಬರುತ್ತಿತ್ತು. ಅವರ ತಂದೆಯ ಕೈಯಿಂದ ಬಂದ ತಿರುವು ಅದು ಎಂದು ನನ್ನ ಅತ್ತೆ ಹೇಳುತ್ತಿದ್ದರು.

ಗಂಗವ್ವನನ್ನೂ ಅವಳ ಗಂಡನನ್ನೂ ಒಟ್ಟಿಗೆ ಕೂರಿಸಿದ ಕ್ಯಾಸೆಟ್ಟು ಒಂದಿದೆ. ಊರಿಗೆ ಮೊದಲ ಬಸ್ಸು ಬಂದ ದಿನದ ಬಗ್ಗೆ ಮಕ್ಕಳು ಕೇಳಿದ್ದರು.

"ಕೆಂಪ ಗಾಡಿ" ಎನ್ನುತ್ತಾಳೆ ಗಂಗವ್ವ.

"ನೀಲಿ" ಎನ್ನುತ್ತಾನೆ ಗಂಡ.

"ನಾ ಅದರಾಗ ಕುಂತ ಹೋಗೀನಿ, ನನಗ ಹೇಳ್ತೀಯೇನು?"

"ನೀ ಒಳಗ ಕುಂತಿದ್ದಿ. ಹೊರಗಿನ ಬಣ್ಣ ನಿನಗೇನ ಗೊತ್ತು?"

ಅಲ್ಲಿಂದ ಮುಂದೆ ಜಗಳ. ಮಕ್ಕಳ ನಗು. "ಯಾರದ ಖರೇ ರೀ ಸರ್?" ಎಂದು ಒಬ್ಬಳು ಕೇಳುತ್ತಾಳೆ. ಉತ್ತರ ಕೇಳಿಸುವುದಿಲ್ಲ. ಮಾಸ್ತರರು ಎರಡೂ ಬಣ್ಣಗಳನ್ನು ಹಲಗೆಯ ಮೇಲೆ ಬರೆದು, ಹೇಳಿದವರ ಹೆಸರು ಮುಂದೆ ಹಾಕಿರಬೇಕು; ಖಡು ಹಲಗೆಗೆ ತಾಗುವ ಟಕ್ ಟಕ್ ಅಷ್ಟೇ ಇದೆ. ಕೊನೆಗೆ ಹುಡುಗನೊಬ್ಬ, "ಎರಡ ಗಾಡಿ ಬಂದಿರಬೇಕ ರೀ" ಎಂದು ಗಂಡ ಹೆಂಡಿರ ನಡುವೆ ರಾಜಿ ಮಾಡಿಸುತ್ತಾನೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸಾಲೆಗೆ ಒಂದು ಕಂಪ್ಯೂಟರ್ ಬಂತು. ಅದಕ್ಕೆ ಹಾರ ಹಾಕಿ, ಕಾಯಿ ಒಡೆದು, ಹೂವಿನ ಬಟ್ಟೆ ಹೊದಿಸಿದರು. ಕರೆಂಟು ಇದ್ದಾಗ ಅದನ್ನು ಚಾಲೂ ಮಾಡಬೇಕು, ಕರೆಂಟು ಇರುವಾಗ ಸಾಲೆ ಇರುತ್ತಿರಲಿಲ್ಲ. ಒಂದು ದಿನ ಎರಡೂ ಕೂಡಿಬಂದವು. ಮಕ್ಕಳು ಅದರಲ್ಲಿ 'ಕುರಪಿ' ಎಂದು ಬರೆಯಬೇಕೆಂದರು. ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ಕುಟ್ಟಿ ಬರೆಯುವಷ್ಟರಲ್ಲಿ ಪರದೆ ಕಪ್ಪಾಯಿತು. ಮಾಸ್ತರರಿಗೆ ಅದರ ಮೇಲೆ ತಾತ್ಸಾರವೇನೂ ಇರಲಿಲ್ಲ. "ಭಾಳ ಚಲೋ ಯಂತ್ರ ಐತಿ. ನಮ್ಮೂರ ಭಾಷಾ ಕಲಿಯೂ ಮಟ ತಡಿಯೂಣು" ಎಂದು ಹೂವಿನ ಬಟ್ಟೆ ಮತ್ತೆ ಹೊದಿಸಿ, ಟೇಪಿನ ಸೆಲ್ಲು ಬಿಸಿಲಿಗೆ ಇಟ್ಟಿದ್ದೇನೋ ಇಲ್ಲವೋ ಎಂದು ನನ್ನನ್ನು ವಿಚಾರಿಸಿದರು.

ಅವರು ಹೋದದ್ದರ ಬಗ್ಗೆ ಹೆಚ್ಚು ಬರೆಯಲಾರೆ. ನಿವೃತ್ತರಾಗಿದ್ದರು. ಬೆಳಿಗ್ಗೆ ಅಂಗಳದಲ್ಲಿ ಮುಖ ತೊಳೆದು, ಟವೆಲ್ ಕೇಳಿದರು. ನಾನು ತರುವಷ್ಟರಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. 'ಟವೆಲ್' ಎಂಬುದೇ ನಾನು ಕೇಳಿದ ಅವರ ಕೊನೆಯ ಮಾತು. ಅದನ್ನು ಹೇಗೆ ಅಂದರು ಎಂಬುದು ಈಗ ನೆನಪಿಗೆ ಬರುತ್ತಿಲ್ಲ. ಅದಕ್ಕೇ ನನಗೆ ಒಂದು ದನಿ ಬೇಕಾಗಿತ್ತು. ದೊಡ್ಡ ಮಾತೇನೂ ಬೇಡ. ಟವೆಲ್ ಎಂದರೂ ಸಾಕಾಗಿತ್ತು.

ನಮ್ಮಲ್ಲಿ ಗಂಡ ತೀರಿದ ಹೆಣ್ಣು ಕೆಲವು ತಿಂಗಳು ಮನೆಯ ಹೊಸ್ತಿಲು ದಾಟಬಾರದು. ಇದ್ದತ್ ಎನ್ನುತ್ತಾರೆ. ಜನ ಅದನ್ನು ಕಷ್ಟವೆಂದು ತಿಳಿಯುತ್ತಾರೆ. ನನಗೆ ಅದರಿಂದ ಉಪಕಾರವೇ ಆಯಿತು. ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಯಾರಿಗೂ ಮುಖ ತೋರಿಸಬೇಕಾಗಿರಲಿಲ್ಲ. ಟ್ರಂಕಿನಿಂದ ಕ್ಯಾಸೆಟ್ಟು ತೆಗೆಯುವುದು, ಸಡಿಲಾದ ರೀಲನ್ನು ಪೆನ್ಸಿಲ್ಲಿನಿಂದ ಸುತ್ತುವುದು, ಕಿವಿ ಹಚ್ಚಿ ಕೂರುವುದು. ಗಂಗವ್ವ ಬಂದು ಬಾಗಿಲ ಬಳಿ ಕೂರುತ್ತಿದ್ದಳು. ಅವಳ ಗಂಡನೂ ಆಗ ತೀರಿಹೋಗಿದ್ದ. ಬಸ್ಸಿನ ಕ್ಯಾಸೆಟ್ಟು ಹಾಕಿದಾಗ, "ನೀಲಿ" ಎಂದು ಅವನು ಅಂದ ಕೂಡಲೇ, "ಸುಳ್ಳ ಹೇಳ್ತಾನ ತಂಗಿ, ಇನ್ನೂ ಸುಳ್ಳ ಹೇಳ್ತಾನ ನೋಡು" ಎಂದು ಕಣ್ಣೊರೆಸಿಕೊಂಡಳು. ನನಗೆ ಹೊಟ್ಟೆಕಿಚ್ಚಾಯಿತು. ಅವಳಿಗೆ ಜಗಳವಾಡಲು ಒಂದು ದನಿ ಉಳಿದಿತ್ತು. ಅದನ್ನು ಉಳಿಸಿಕೊಟ್ಟವರು ನನ್ನ ಗಂಡ.

ನನ್ನದೂ ಒಂದು ಕ್ಯಾಸೆಟ್ಟಿದೆ. ಅದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೆ. ಒಂದು ರವಿವಾರ ಹೊಸ ಸೆಲ್ಲು ಪರೀಕ್ಷಿಸುವ ನೆವದಲ್ಲಿ ಅವರು ನನ್ನ ಮುಂದೆ ಟೇಪಿಟ್ಟು ಗುಂಡಿ ಒತ್ತಿದ್ದರು. ಆಗ ವರ್ಗದಲ್ಲಿ ಬೇರೆ ಊರಿನಿಂದ ಸೊಸೆಯಾಗಿ ಬಂದವರ ಮಾತು ಸಂಗ್ರಹಿಸುತ್ತಿದ್ದರು. ಮಕ್ಕಳು ಇಲ್ಲ, ನಾವಿಬ್ಬರೇ. ಇದರಲ್ಲಾದರೂ ಅವರು ಮಾತಾಡಿರಲೇಬೇಕೆಂದು ನಂಬಿ ಹಾಕಿದೆ. ಮಾತಾಡಿರಲಿಲ್ಲ. "ಕೈ ಏನ ತಿರವ್ತೀರಿ? ಬಾಯಿಲೆ ಕೇಳ್ರಿ! ಬಾಯಿಲ್ಲೇನ ನಿಮಗ?" ಎಂದು ನಾನೇ ಕೂಗುತ್ತೇನೆ. ಉತ್ತರವಿಲ್ಲ. ಅವತ್ತು ಟೇಪು ನಿಲ್ಲಿಸಿ ಟ್ರಂಕಿನ ತಳಕ್ಕೆ ಹಾಕಿದವಳು ಇವತ್ತಿನವರೆಗೆ ಮುಟ್ಟಿರಲಿಲ್ಲ.

ಕೊಡುವುದಾದರೆ ಒಮ್ಮೆ ಪೂರ್ತಿ ಕೇಳಿಯೇ ಕೊಡೋಣ ಎಂದು ಈಗ ಅದನ್ನೇ ಹಾಕಿದೆ. ಬಾಯಿಲ್ಲೇನ ನಿಮಗ ಎಂಬುದನ್ನು ದಾಟಿ ಮುಂದೆ ಹೋಗಲು ಬಿಟ್ಟೆ.

ಮೊದಲು ಬರೀ ಸುಂಯ್ ಎಂಬ ಸದ್ದು. ಆಮೇಲೆ ನನ್ನ ದನಿ, ಈಗಿನದಲ್ಲ, ತೆಳ್ಳಗಿನದು. "ಡಫಳಾಪುರದಿಂದ ಟೆಂಪೋದಾಗ ಬಂದ್ವಿ. ಮನಿ ಒಳಗ ಕಾಲಿಟ್ರ ಎಲ್ಲಾ ಹತ್ತಿ ಹಾರ್ಲಾಕತ್ತಿತ್ತು. ಸೀನ್ತೀನಿ, ಸೀನ್ತೀನಿ... ತಲಿ ತುಂಬ ಹತ್ತಿ. ಅತ್ತಿ ಅಂದ್ರು, ಮದುವಿ ದಿನಾನ ಮುದುಕಿ ಆಗಿ ಬಂದಾಳ ನೋಡ್ರೆವ್ವಾ ಅಂತ." ನಗು. ಮೌನ. ಮತ್ತೆ ನಾನು: "ಆಮ್ಯಾಲ? ಆಮ್ಯಾಲ ಏನು, ನೀವ ಅಲ್ಲೇನು ತಗದವರು, ಕುಂದ್ರಿಸ್ಕೊಂಡು ಒಂದೊಂದ ಎಳಿ?" ಮೌನ. "ಏನ ಅಂದ್ರಿ ಅಂತ ನಾ ಯಾಕ ಹೇಳ್ಲಿ? ನೀವ ಅಂದದ್ದು ನಿಮಗ ಗೊತ್ತಿಲ್ಲೇನು?" ಮೌನ. "ಹೋಗ್ರಿ ಅತ್ಲಾಗ. ನಗತೀರಿ ನೋಡು, ಭುಜಾ ಕುಣಸ್ಕೋತ!"

ನಾನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ಆಮ್ಯಾಲ ಎಂಬುದು ನನ್ನ ಮಾತಲ್ಲ. ಅವರ ಕೈ ಕೇಳಿದ್ದನ್ನು ನಾನು ಬಾಯಿಯಿಂದ ಅಂದದ್ದು. ಏನ ಅಂದ್ರಿ ಎಂಬುದೂ ಅವರದೇ. ಪ್ರತಿ ಮೌನದ ಆಚೆಗೆ ನನ್ನ ಮಾತು ಯಾವ ಕಡೆ ವಾಲಿದೆ ಎಂದು ನೋಡಿದರೆ ಈಚೆ ಅವರು ಏನು ಕೇಳಿದರೆಂದು ಗೊತ್ತಾಗುತ್ತದೆ. ಮಲ್ಲಪ್ಪನ ಅವ್ವ ಆ ವರ್ಗದಲ್ಲಿ ಇರಲಿಲ್ಲ, ಹಿಡಿಕೆಯ ಗುಳಿಯಷ್ಟೇ ಇತ್ತು; ಅಷ್ಟರಿಂದಲೇ ಒಬ್ಬ ಹುಡುಗ ತನ್ನ ಅಜ್ಜಿಯನ್ನು ಕಂಡಿದ್ದ. ಇಷ್ಟು ದಿನ ನಾನು ಈ ಟೇಪಿನಲ್ಲಿ ಕಳೆದ ಚಾವಿ ಹುಡುಕುವವರ ಹಾಗೆ ಹುಡುಕುತ್ತಿದ್ದೆ. ಏನನ್ನೂ ಕೇಳಿರಲಿಲ್ಲ.

ದನಿ ಸಿಕ್ಕಿತೆಂದು ನಿಮಗೆ ಸುಳ್ಳು ಹೇಳಲಾರೆ. ಸಿಗಲಿಲ್ಲ. ಅದು ಇನ್ನು ಸಿಗುವುದಿಲ್ಲ. ಎದ್ದು ಹೋಗಿ ಮೂಲೆ ಒಡೆದ ಕನ್ನಡಿಯಲ್ಲಿ ನೋಡಿಕೊಂಡೆ. ಈಗಲೂ ತಲೆ ತುಂಬ ಹತ್ತಿ. ತೆಗೆಯುವವರು ಇಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಭೋಂಗಾದ ಸದ್ದು ಓಣಿಯ ತುದಿಯಲ್ಲಿ ಕೇಳಿಸಿತು. ಹಳೇ ಟೇಪ್, ಹಳೇ ಟೀವಿ. ಗಾಡಿ ಬಂದು ನಿಂತಿತು. ನಾನು ಬರಿಗೈಯಲ್ಲಿ ಹೊರಗೆ ಹೋದೆ.

"ಎಲ್ಲೈತ್ರಿ ಅಮ್ಮಾ ಟೇಪು?"

"ಅದು ಸಾಮಾನಲ್ಲಪ್ಪ."

ಅವನಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದ. ದಿನವೂ ಇಂಥ ಎಷ್ಟು ಅಮ್ಮಂದಿರನ್ನು ಕಾಣುತ್ತಾನೋ. ಗಾಡಿ ತಿರುಗಿಸಲು ಹೊರಟವನನ್ನು ನಾನೇ ತಡೆದೆ. ಬೆಳಿಗ್ಗೆ ಕೇಳದೆ ತಿಳಿದುಕೊಂಡದ್ದೊಂದು ಈಗ ಅನುಮಾನವಾಗಿ ಕಾಡಿತು. ಅವನ ದನಿ ಸಣ್ಣದು, ಭೋಂಗಾದ ದನಿ ದಪ್ಪ.

"ಈ ಒದರೂದು ನಿನ್ನ ದನಿ ಅಲ್ಲಲ್ಲ?"

"ಅಲ್ರಿ. ನಮ್ಮಪ್ಪಂದು."

ಅಷ್ಟು ಹೇಳಿ ಗಾಡಿಯ ಕಡೆ ನೋಡಿದ. ಮುಂದೆ ಹೇಳುವುದೋ ಬೇಡವೋ ಎಂಬಂತೆ ನಿಂತ. ಆಮೇಲೆ ನೋಡಿಕೊಂಡರೆ ನನ್ನ ಬಲಗೈ ತಾನಾಗಿ ಮೇಲೆದ್ದಿತ್ತು. ಅಂಗೈ ಮೇಲಾಗಿ, ಬೆರಳುಗಳು ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಿದ್ದವು, ಎಳೆ ಎಳೆಯುವ ಹಾಗೆ.

ಅವನು ಆ ಕೈಯನ್ನು ನೋಡಿದ.

"ಗಂಟಲಾ ಆಪರೇಶನ್ ಆಗೇದ್ರಿ ಅಂವಗ, ಈಗ ದನಿ ಹೊಂಡಂಗಿಲ್ಲ" ಎಂದ. "ಬ್ಯಾರೆ ದನೀಲೆ ರೆಕಾರ್ಡ್ ಮಾಡಸು ಅಂತಾರ ಎಲ್ಲಾರೂ, ನಾ ಮಾಡಸಿಲ್ಲ. ಸಂಜೀಕ ಗಾಡಿ ಮನಿ ಕಡೆ ತಿರುಗ್ತಂದ್ರ ತನ್ನ ದನಿ ತಾನ ಕೇಳಿ ಬಾಗಲಕ್ಕ ಬಂದ ನಿಂದರ್ತಾನ್ರಿ. ನಗತಾನ."

ನನ್ನ ಕೈ ಇನ್ನೂ ಕೆಳಗಿಳಿದಿರಲಿಲ್ಲ. ಅವನು ಚಾವಿ ತಿರುಗಿಸಿ ಗಾಡಿ ಬಂದ್ ಮಾಡಿ, ನಮ್ಮ ಕಟ್ಟೆಯ ಮೇಲೆ ಕುಳಿತು, ಮುಂದಿನದನ್ನು ಹೇಳತೊಡಗಿದ.